ಮೆಟಾಕ್ರಿಟಿಕ್, ಓಪನ್‌ಕ್ರಿಟಿಕ್: ಸ್ಕೋರ್ ಆಮೇಲೆ, ಮೊದ್ಲು ಒಳಗೆ ಯಾರಿದಾರೆ ನೋಡಿ
ಗೇಮ್ ತಗೊಳೋಕೆ ಮುಂಚೆ ಮೆಟಾಕ್ರಿಟಿಕ್ ನೋಡೋ ಚಟ ನಂಗೆ ತುಂಬಾ ವರ್ಷದಿಂದ ಇದೆ, ಈಚೆಗೆ ಪಕ್ಕದ ಟ್ಯಾಬಲ್ಲಿ ಓಪನ್‌ಕ್ರಿಟಿಕ್ಕೂ ತೆಗೆದಿಟ್ಕೊಂಡಿರ್ತೀನಿ. ಎರಡೂ ಮಾಡೋ ಕೆಲಸ ಒಂದೇ, ಹತ್ತಾರು ಕಡೆ ಬಂದ ರಿವ್ಯೂ ಎಲ್ಲಾ ಗುಡ್ಡೆ ಹಾಕಿ ಮೇಲೊಂದು ನಂಬರ್ ಅಂಟಿಸೋದು. ಸರಾಸರಿ ತೆಗಿಯೋದೇನು ಬಿಡಿ, ಕ್ಯಾಲ್ಕುಲೇಟರ್ ಇದ್ರೆ ನಾನೂ ತೆಗಿತೀನಿ. ಯಾವ ಪತ್ರಿಕೆನ ಗೇಮ್ ಪತ್ರಿಕೋದ್ಯಮ ಅಂತ ಒಪ್ಕೋಬೇಕು, ಯಾವುದನ್ನ ಬಾಗಿಲಲ್ಲೇ ನಿಲ್ಲಿಸ್ಬೇಕು, ಕಷ್ಟ ಇರೋದು ಅಲ್ಲಿ.

ಮೆಟಾಕ್ರಿಟಿಕ್ 2001ರಿಂದ ಇದೆ. ಯಾರನ್ನ ಸೇರಿಸ್ಕೋಬೇಕು ಅನ್ನೋದು ಅವರ ಎಡಿಟರ್‌ಗಳ ಕೈಲಿ, ಸೇರಿಸ್ಕೊಂಡ ಮೇಲೂ ಎಲ್ಲರ ಮಾತಿಗೂ ಒಂದೇ ತೂಕ ಇಲ್ಲ, ಕೆಲವರದ್ದು ಜಾಸ್ತಿ ಕೆಲವರದ್ದು ಕಮ್ಮಿ, ಯಾರದ್ದು ಎಷ್ಟು ಅಂತ ಮಾತ್ರ ಬಾಯಿ ಬಿಡಲ್ಲ. ಅದ್ರಲ್ಲೇನಿದೆ ಅಂತೀರಾ? 2010ರ ಫಾಲ್‌ಔಟ್ ನ್ಯೂ ವೇಗಸ್ ಅನ್ನೋ ಗೇಮ್ ಮಾಡಿದ ಅಬ್ಸಿಡಿಯನ್‌ನವರಿಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದ್ರೆ ಬೋನಸ್ ಅಂತ ಮಾತಾಗಿತ್ತು, ಬಂದಿದ್ದು 84. ಒಂದೇ ಒಂದು ಅಂಕ! ಆ ಲಿಸ್ಟಲ್ಲಿ ಒಬ್ಬರು ಹೆಚ್ಚುಕಮ್ಮಿ ಆಗಿದ್ರೆ ಏನಾಗ್ತಿತ್ತೋ.

ಇನ್ನೊಂದು ತಕರಾರು. ಸ್ಕೋರ್ ಕೊಡದೇ ಇರೋರು ಮೆಟಾಕ್ರಿಟಿಕ್‌ನಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ. ರಿವ್ಯೂ ಬರೆಯೋ ಸೈಟುಗಳಲ್ಲಿ ಪಾಲಿಗಾನ್ 2018ರಲ್ಲಿ ನಂಬರ್ ಕೊಡೋದು ನಿಲ್ಲಿಸ್ತು, ಯೂರೋಗೇಮರ್ 2015ರಲ್ಲಿ ಬಿಟ್ಟು 2023ರಲ್ಲಿ ಮತ್ತೆ ಸ್ಟಾರ್ ಶುರು ಮಾಡ್ತು, ಹಂಗಾದ್ರೆ ಆ ಎಂಟು ವರ್ಷ ಅವರು ಬರೆದಿದ್ದೆಲ್ಲ ಏನು?

ಓಪನ್‌ಕ್ರಿಟಿಕ್ 2015ರಲ್ಲಿ ಬಂತು. ಇಲ್ಲಿ ತೂಕದ ಗುಟ್ಟಿಲ್ಲ, ಸೀದಾ ಸರಾಸರಿ. ಯೂಟ್ಯೂಬ್ ಚಾನೆಲ್‌ಗಳೂ ಇದಾವೆ, ನಂಬರ್ ಕೊಡದವರೂ ಇದಾರೆ. ಆದ್ರೆ ಇಲ್ಲೂ 'ಟಾಪ್ ಕ್ರಿಟಿಕ್' ಅಂತ ಒಂದು ಗುಂಪಿದೆ, ಮೇಲೆ ಕಾಣೋ ಸ್ಕೋರ್ ಅವರದ್ದೇ. ಅಂದ್ರೆ ಹೊರಗಿನ ಗೇಟ್ ತೆಗೆದು ಒಳಗಿನ ರೂಮಿಗೆ ಚಿಲಕ ಹಾಕಿದಾರೆ ಅಷ್ಟೆ. ಜೊತೆಗೆ 2024ರಲ್ಲಿ ಇದನ್ನ ವಾಲ್‌ನೆಟ್ ಕೊಂಡ್ಕೊಳ್ತು, ಗೇಮ್ ರ‍್ಯಾಂಟ್, ದಿ ಗೇಮರ್ ಅನ್ನೋ ರಿವ್ಯೂ ಬರೆಯೋ ಸೈಟುಗಳೆಲ್ಲಾ ಅದೇ ಮನೆಯವು.

ಹಾಗಂತ ಮಾಲೀಕರು ಯಾರು ಅಂತ ನೋಡಿ ಜರಡಿ ಹಿಡಿಯೋಕೂ ಆಗಲ್ಲ. ಗೇಮ್ ಇನ್‌ಫಾರ್ಮರ್ ಅನ್ನೋ ಪತ್ರಿಕೆ ಎಷ್ಟೋ ವರ್ಷ ಗೇಮ್‌ಸ್ಟಾಪ್ ಕೈಲಿತ್ತು, ಗೇಮ್ ಮಾರೋ ಅಂಗಡಿ ಕೈಲಿ! 2024ರಲ್ಲಿ ಮುಚ್ಚಿಹೋಗಿ ಮರುವರ್ಷ ವಾಪಸ್ ಬಂದಾಗ ದುಡ್ಡು ಹಾಕಿದ್ದು ಗೇಮ್ ಮಾಡೋ ಕಂಪನಿ. ಆದ್ರೂ ಅವರು ಬರೆದಿದ್ದನ್ನ ಜಾಹೀರಾತು ಅಂತ ತಳ್ಳಿಹಾಕೋಕೆ ನಂಗೆ ಮನಸ್ಸು ಬರಲ್ಲ.

ನಾನು ನೋಡೋದು ಒಂದೇ. ರಿವ್ಯೂ ಬರೆದೋರು ಗೇಮನ್ನ ಯಾವ ಮಷೀನಲ್ಲಿ ಆಡಿದ್ರು, ಕಾಪಿ ಯಾರು ಕೊಟ್ರು, ಏನನ್ನ ತೋರ್ಸೋಕೆ ಬಿಡ್ಲಿಲ್ಲ, ಇದನ್ನ ಓದೋರಿಗೆ ಹೇಳಿದಾರಾ? 2020ರ ಡಿಸೆಂಬರಲ್ಲಿ ಸೈಬರ್‌ಪಂಕ್ 2077 ಬಂದಾಗ ಮೊದಮೊದ್ಲು ರಿವ್ಯೂ ಮಾಡೋರಿಗೆ ಸಿಕ್ಕಿದ್ದು ಪಿಸಿ ಕಾಪಿ ಮಾತ್ರ, ತಾವೇ ರೆಕಾರ್ಡ್ ಮಾಡಿದ ವಿಡಿಯೋ ಹಾಕೋ ಹಾಗಿರ್ಲಿಲ್ಲ. ಮೇಲ್ಗಡೆ ಚೆನ್ನಾಗಿದೆ ಅನ್ನೋ ಹಸಿರು ನಂಬರ್ ಮಿಂಚ್ತಿತ್ತು, ಹಳೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಥರದ ಕನ್ಸೋಲಲ್ಲಿ ಗೇಮ್ ಕುಂಟ್ತಿತ್ತು. ಸುಮಾರು ಒಂದು ವಾರಕ್ಕೆ ಸೋನಿ ತನ್ನ ಸ್ಟೋರಿಂದಾನೇ ಅದನ್ನ ತೆಗೆದು ಹಾಕ್ತು. ಆ ದಿನಗಳಲ್ಲೇ ಓಪನ್‌ಕ್ರಿಟಿಕ್ ಗೇಮಿನ ಪೇಜಲ್ಲೇ ಎಚ್ಚರಿಕೆ ಹಾಕಿ, ಗೇಮ್ ಮಾಡಿದವರು ಕನ್ಸೋಲ್ ಸ್ಥಿತಿ ಬೇಕಂತಲೇ ಮುಚ್ಚಿಟ್ಟಿದಾರೆ ಅನ್ನೋ ಅನುಮಾನ ನಮಗಿದೆ ಅಂತ ನೇರವಾಗಿ ಬರೀತು. ರಿವ್ಯೂ ಒಟ್ಟು ಹಾಕೋ ಸೈಟೇ ಆವತ್ತು ಪತ್ರಿಕೋದ್ಯಮ ಮಾಡ್ತು ಅನ್ನಿ.

ಓಪನ್‌ಕ್ರಿಟಿಕ್‌ಗೆ ಐದಕ್ಕೆ ನಾಲ್ಕು, ಮೆಟಾಕ್ರಿಟಿಕ್‌ಗೆ ಎರಡೂವರೆ. ಹೆಂಗೆ ಲೆಕ್ಕ ಹಾಕ್ದೆ ಅಂತ ಕೇಳ್ಬೇಡಿ, ಅದು ಗುಟ್ಟು.