ಮಹದೇವಪೇಟೆಯಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಮಡಿಕೇರಿಯ ಮಹದೇವಪೇಟೆಗೆ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ತೋಟದಿಂದ ಸಾಮಾನಿಗೆಂದು ಇಳಿದು ಬಂದವರು ಒಂದು ಬಗೆ. ರಾಜಾಸೀಟು, ಅಬ್ಬಿ ಜಲಪಾತ ಮುಗಿಸಿ, ಬಸ್ಸು ಹೊರಡುವ ಮೊದಲು ಅರ್ಧ ಗಂಟೆ ಉಳಿಸಿಕೊಂಡು ಓಡಿ ಬಂದವರು ಇನ್ನೊಂದು. ಇಬ್ಬರೂ ಕೇಳುವುದು ಅದೇ ಮೆಣಸು, ಏಲಕ್ಕಿ, ಜೇನು, ಕಾಫಿ. ಆದರೆ ಇಬ್ಬರ ಚೀಲಕ್ಕೂ ಬೀಳುವುದು ಒಂದೇ ಮಾಲಲ್ಲ. ಲೇಬಲ್ಲಿನ ಮೇಲೆ ‘ಕೂರ್ಗ್’ ಎಂದಿದ್ದರೆ ಇಲ್ಲಿ ಪ್ಯಾಕ್ ಆಗಿದೆ ಎಂದಷ್ಟೇ ತಿಳಿಯಿರಿ, ಬೆಳೆದದ್ದು ಎಲ್ಲಿ ಎಂಬುದು ಬೇರೆ ವಿಚಾರ.

ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕೊಡಗಿನ ದಿನಪತ್ರಿಕೆಗಳಲ್ಲಿ ಕಾಫಿ, ಮೆಣಸು, ಏಲಕ್ಕಿಯ ಮಾರುಕಟ್ಟೆ ದರ ಬರುತ್ತದೆ. ಅದು ವ್ಯಾಪಾರಿ ಬೆಳೆಗಾರನಿಗೆ ಕೊಡುವ ದರ. ಅದಕ್ಕಿಂತ ಅಗ್ಗವಾಗಿ ಪ್ಯಾಕೆಟ್ ಸಿಕ್ಕರೆ ಚೌಕಾಸಿ ಗೆದ್ದೆವೆಂದು ಹಿಗ್ಗಬೇಡಿ. ಒಳಗಿರುವುದು ಹಳೇ ಮಾಲು, ಜೊಳ್ಳು, ಇಲ್ಲವೇ ಕಲಬೆರಕೆ. ಅಂಗಡಿಯವನು ತನ್ನ ಬಾಡಿಗೆ, ತೂಕದ ನಷ್ಟ, ಲಾಭ ಎಲ್ಲ ಸೇರಿಸಿಯೂ ಬೆಳೆಗಾರನಿಗಿಂತ ಕಡಿಮೆಗೆ ಮಾರಲು ಸಾಧ್ಯವಿಲ್ಲ.

ಮೊದಲ ಖರೀದಿ, ಪಂದಿಕರಿಗೆ ಹುಳಿ ಮತ್ತು ಕಪ್ಪು ಬಣ್ಣ ಕೊಡುವ ಕಾಚಂಪುಳಿಯೇ ಆಗಲಿ. ಈ ಪೇಟೆಗೆ ಬರಲು ಅದೊಂದು ಕಾರಣ ಸಾಕು. ಪಣಪುಳಿ ಹಣ್ಣು ಮಳೆಗಾಲದಲ್ಲಿ ಮಾಗಿ ಉದುರುತ್ತದೆ. ಆಯ್ದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕಳಿತು ಕರಗಿದಂತೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಬತ್ತಿಸಿದರೆ ಉಳಿಯುವ ಕಪ್ಪು ಮಂದ ದ್ರವವೇ ಕಾಚಂಪುಳಿ. ಬೆಲ್ಲ, ಬಣ್ಣ, ವಿನೆಗರ್, ಪ್ರಿಸರ್ವೇಟಿವ್ ಯಾವುದೂ ಅದಕ್ಕೆ ಬೇಕಿಲ್ಲ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಲೇಬಲ್ಲಿನಲ್ಲಿ ಎರಡನೆಯ ಪದಾರ್ಥವೊಂದು ಇದ್ದರೆ ಬಾಟಲಿ ಕೆಳಗಿಡಿ.

ಪರೀಕ್ಷೆ ಕಷ್ಟವಿಲ್ಲ. ಬಾಟಲಿಯನ್ನು ಓರೆ ಮಾಡಿ ನೆಟ್ಟಗೆ ಮಾಡಿದಾಗ ಗಾಜಿನ ಗೋಡೆಗೆ ಕಪ್ಪು ಪದರ ಅಂಟಿಕೊಂಡು ನಿಧಾನಕ್ಕೆ ಇಳಿಯಬೇಕು. ನೀರಿನ ಹಾಗೆ ಜಾರಿ ಗಾಜು ಸ್ವಚ್ಛವಾದರೆ ಅದು ಸರಿಯಾಗಿ ಬತ್ತಿಸದೇ ಇದ್ದದ್ದು, ಇಲ್ಲವೇ ಆಮೇಲೆ ನೀರು ಬೆರೆಸಿದ್ದು. ಮುಚ್ಚಳ ತೆಗೆದು ಮೂಸಿ ನೋಡಿ. ಹೊಗೆಯ ವಾಸನೆ, ಹಿಂದೆ ಹಣ್ಣಿನ ಹುಳಿ ಬರಬೇಕು. ಮೂಗಿಗೆ ಚುರ್ರೆಂದು ಚುಚ್ಚಿದರೆ ವಿನೆಗರ್ ಸೇರಿದೆ. ವಿನೆಗರಿನ ಅಸಿಟಿಕ್ ಆಮ್ಲ ಆವಿಯಾಗಿ ಮೂಗಿಗೇರುತ್ತದೆ, ಪಣಪುಳಿಯ ಆಮ್ಲ ಹಾಗೆ ಏರುವುದಿಲ್ಲ. ಒಂದು ಕಿಲೋ ಹಂದಿ ಮಾಂಸಕ್ಕೆ ಎರಡು ಟೀ ಚಮಚದಿಂದ ಶುರು ಮಾಡಿ, ಮಾಂಸ ಬೆಂದ ಮೇಲೆ ಕೊನೆಯ ಹತ್ತು ನಿಮಿಷದಲ್ಲಿ ಹಾಕಿ. ನಾಲ್ಕು ದೊಡ್ಡ ಚಮಚ ಸುರಿದರೂ ಪಂದಿಕರಿ ಕಪ್ಪಾಗದಿದ್ದರೆ ತಪ್ಪು ಅಡುಗೆಯವರದ್ದಲ್ಲ. ತಗಡಿನ ಮುಚ್ಚಳದ ಬಾಟಲಿ ಬೇಡ, ಆಮ್ಲ ಅದನ್ನು ತಿಂದು ತುಕ್ಕು ಒಳಗಿಳಿಯುತ್ತದೆ. ಹೊಸ ಮಾಲು ಬೇಕಿದ್ದರೆ ಮಳೆ ಹಿಡಿತ ಬಿಟ್ಟ ಮೇಲೆ ಬನ್ನಿ. ‘ಕೊಡಂಪುಳಿ ಇದೆ, ಅದೂ ಇದೇ’ ಎಂದು ಒಣ ಸಿಪ್ಪೆ ತೋರಿಸುವವರಿದ್ದಾರೆ. ಮರ ಅದೇ ಇರಬಹುದು; ಮೀನಿನ ಸಾರಿಗೆ ಅದು ಚೆನ್ನ, ಪಂದಿಕರಿಗೆ ಒದಗುವುದಿಲ್ಲ.

ಕರಿಮೆಣಸಿಗೂ ಈ ಪೇಟೆಯಲ್ಲಿ ಒಳ್ಳೆಯ ಅಂಕ. ಕೊಯ್ಲು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಕಾಳು ಸಿಗುತ್ತದೆ. ಸಗಟು ವ್ಯಾಪಾರಿ ನೋಡುವುದು ಲೀಟರ್ ತೂಕವನ್ನು. ಒಂದು ಲೀಟರ್ ಅಳತೆಯ ಕಾಳು 550 ಗ್ರಾಂ ತೂಗಿದರೆ ಅದು ಗಟ್ಟಿ ಮಾಲು. ತೂಕ ಇಳಿದಷ್ಟೂ ಜೊಳ್ಳು ಜಾಸ್ತಿ. ಮನೆಬಳಕೆಗೆ ಕೊಳ್ಳುವವರು ಒಂದು ಹಿಡಿಯನ್ನು ಲೋಟ ನೀರಿಗೆ ಹಾಕಲಿ. ಗಟ್ಟಿ ಕಾಳು ಮುಳುಗುತ್ತದೆ, ಜೊಳ್ಳೂ ಪಪ್ಪಾಯಿ ಬೀಜವೂ ತೇಲುತ್ತವೆ. ತೇಲಿದ್ದರಲ್ಲಿ ಯಾವುದು ಯಾವುದೆಂದು ತಿಳಿಯಲು ಅಗಿದು ನೋಡಬೇಕು. ಪಪ್ಪಾಯಿ ಬೀಜ ಕೊಂಚ ಉದ್ದುದ್ದ, ಮೆಣಸಿನ ಘಾಟು ಇಲ್ಲ. ಅತಿಯಾಗಿ ಮಿರುಗುವ ಮೆಣಸಿನ ಬಗ್ಗೆಯೂ ಅನುಮಾನವಿರಲಿ: ಬಿಳಿ ಕಾಗದದ ಮೇಲೆ ಉಜ್ಜಿದಾಗ ಎಣ್ಣೆ ಕಲೆ ಬಿದ್ದರೆ ಅದಕ್ಕೆ ಖನಿಜ ತೈಲದ ಪಾಲಿಶ್ ಆಗಿದೆ.

ಏಲಕ್ಕಿಯಲ್ಲಿ ಮೋಸಕ್ಕಿಂತ ತಪ್ಪು ತಿಳಿವಳಿಕೆಯೇ ಹೆಚ್ಚು. ಗಾಜಿನ ಭರಣಿಯಲ್ಲಿ ಎಲ್ಲರ ಕಣ್ಣು ಸೆಳೆಯುವ ಎಂಟು ಮಿಲಿಮೀಟರಿನ ದಪ್ಪ ಹಸಿರು ಕಾಯಿ ಸಾಮಾನ್ಯವಾಗಿ ಕೇರಳದ ಇಡುಕ್ಕಿ ಕಡೆಯ ಞಳ್ಳಾನಿ ತಳಿಯದು. ಕೊಡಗಿನ ಸಾಂಪ್ರದಾಯಿಕ ಏಲಕ್ಕಿ ಮಲಬಾರ್ ಬಗೆ, ಕಾಯಿ ಸಣ್ಣದು. ದಪ್ಪಕ್ಕೆ ಹೆಚ್ಚು ದುಡ್ಡು ಕೊಟ್ಟು ‘ಕೊಡಗಿನದ್ದು’ ತಂದೆವೆಂದರೆ ಎರಡೂ ಕಡೆ ನಷ್ಟ. ಒಂದು ಕಾಯಿ ಬಿಡಿಸಿ ನೋಡಿ. ಬೀಜ ಕಪ್ಪು ಕಂದಾಗಿ ಒಂದಕ್ಕೊಂದು ಅಂಟಿರಬೇಕು. ಒಣಗಿ ಬೂದಾಗಿ ಗಿಲಕಿಯ ಹಾಗೆ ಸದ್ದು ಮಾಡಿದರೆ ಎಣ್ಣೆ ಹೋಗಿದೆ. ಬಾಯಿ ಬಿಟ್ಟ ಕಾಯಿಯೂ ಹಾಗೇ. ಹಸಿರು ಉಳಿಯುವುದು ಒಣಗಿಸುವ ಗೂಡಿನ ಹದದಲ್ಲಿ. ಶಾಖ ಸುಮಾರು 45ರಿಂದ 50 ಡಿಗ್ರಿಯಲ್ಲಿ ನಿಲ್ಲಬೇಕು, ಏರಿದರೆ ಕಾಯಿ ಕಂದುತ್ತದೆ. ಸ್ವಲ್ಪ ಹಳದಿ ತಿರುಗಿದ ಕಾಯಿಯನ್ನು ತಳ್ಳಿಹಾಕಬೇಡಿ, ಬೀಜ ಚೆನ್ನಾಗಿದ್ದರೆ ಪಾಯಸಕ್ಕೆ ಅದೇ ಸಾಕು, ಬೆಲೆಯೂ ಕಡಿಮೆ. ಗಿಳಿ ಹಸಿರು ಕಂಡರೆ ಒದ್ದೆ ಹತ್ತಿಯಿಂದ ಒರೆಸಿ. ಹತ್ತಿಗೆ ಬಣ್ಣ ಬಂದರೆ ಮುಂದಿನ ಅಂಗಡಿ.

ಕಾಫಿಪುಡಿಯನ್ನು ಕಣ್ಣೆದುರೇ ಹುರಿದು ಬೀಸಿ ಕೊಡುವ ಕಡೆ ಕೊಳ್ಳಿ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಆದರೆ ಈ ಜಿಲ್ಲೆಯಲ್ಲಿ ಹೆಚ್ಚು ಬೆಳೆಯುವುದು ರೋಬಸ್ಟಾ. ಪುಡಿಯ ಬೆಲೆ ಸರಿಯೋ ಎಂದು ತಿಳಿಯಲು ಲೆಕ್ಕ ಹೀಗೆ: 50 ಕಿಲೋ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಿಂದ 26, 27 ಕಿಲೋ ಬೀಜ ಬರುತ್ತದೆ, ಹುರಿದಾಗ ಆರನೇ ಒಂದು ಪಾಲು ತೂಕ ಹೋಗುತ್ತದೆ. ಅಂದರೆ ಒಂದು ಕಿಲೋ ಶುದ್ಧ ಪುಡಿಗೆ ಎರಡೂಕಾಲು ಕಿಲೋ ಚೆರ್ರಿ ಬೇಕು. ಚೆರ್ರಿಯ ಕಿಲೋ ದರವನ್ನು ಅದರಿಂದ ಗುಣಿಸಿ, ಮೇಲೆ ಹುರಿಯುವ ಖರ್ಚು ಹಾಕಿ. ಅದಕ್ಕಿಂತ ಕೆಳಗಿದ್ದರೆ ಉಳಿದದ್ದು ಚಿಕೋರಿ. ಚಿಕೋರಿ ತಪ್ಪಲ್ಲ, ಹೇಳದೆ ಹಾಕುವುದು ತಪ್ಪು. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಪ್ರಮಾಣ ಪ್ಯಾಕೆಟ್ಟಿನ ಮೇಲೆ ಬರೆದಿರಬೇಕು. ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಮುಳುಗುತ್ತದೆ. ಒಂದು ತಿಂಗಳಿಗೆ ಆಗುವಷ್ಟೇ ಒಯ್ಯಿರಿ.

ಜೇನಿಗೆ ಅರ್ಧ ಅಂಕ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಜೇನನ್ನು, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣವನ್ನು, ಬಹುಪಾಲು ಅಳಿಸಿಹಾಕಿತು. ಕೊಡಗಿನ ಜೇನು ಪೆಟ್ಟಿಗೆಗಳೂ ಆಗ ಬರಿದಾದವು. ಪ್ರವಾಸಿ ರಸ್ತೆಯ ಪ್ರತಿ ಅಂಗಡಿಯ ಕಪಾಟು ತುಂಬುವಷ್ಟು ಜೇನು ವರ್ಷವಿಡೀ ಇಲ್ಲಿಂದಲೇ ಬರುತ್ತದೆಂದು ನಂಬುವುದು ಕಷ್ಟ. ನೀರಿಗೆ ಬಿಡುವುದು, ಬೆಂಕಿಕಡ್ಡಿಗೆ ಹಚ್ಚುವುದು ಎಲ್ಲ ಕಣ್ಕಟ್ಟು, ಸಕ್ಕರೆ ಪಾಕಗಳು ಅದರಲ್ಲಿ ಸಲೀಸಾಗಿ ಪಾಸಾಗುತ್ತವೆ. ಜೇನು ಹರಳುಗಟ್ಟಿದ್ದೂ ಕಲಬೆರಕೆಯ ಗುರುತಲ್ಲ. ಸಹಕಾರ ಸಂಘದ ಮಳಿಗೆಯಲ್ಲಿ ಅಗ್‌ಮಾರ್ಕ್ ಮುದ್ರೆ ನೋಡಿ ಕೊಳ್ಳಿ, ಇಲ್ಲವಾದರೆ ಪೆಟ್ಟಿಗೆ ಇಟ್ಟ ತೋಟದವರಿಂದ, ಕಾಫಿ ಹೂ ಮುಗಿದ ಮೇಲೆ ಏಪ್ರಿಲ್, ಮೇನಲ್ಲಿ. ಬಾಟಲಿಯ ಮೇಲ್ಭಾಗದಲ್ಲಿ ನೊರೆ, ಹುಳಿ ವಾಸನೆ ಇದ್ದರೆ ನೀರಿನಂಶ ಹೆಚ್ಚಿ ಹುದುಗಿದೆ.

ಹೋಂಮೇಡ್ ಚಾಕೊಲೇಟ್ ಅಂಗಡಿಗಳನ್ನು ದಾಟಿ ಹೋಗಿ. ಪ್ಯಾಕೆಟ್ಟಿನ ಹಿಂದೆ ಕೋಕೋ ಬೆಣ್ಣೆಯ ಬದಲು ‘ಹೈಡ್ರೋಜನೀಕೃತ ಸಸ್ಯಜನ್ಯ ಕೊಬ್ಬು’ ಎಂದಿದ್ದರೆ ಅದು ಎಲ್ಲ ಬೆಟ್ಟದೂರುಗಳಲ್ಲೂ ಸಿಗುವ ಮಾಲು.

ಚಿನ್ನದ ಅಂಗಡಿಗೆ ಸಮಯ ಇಟ್ಟುಕೊಂಡು ಹೋಗಬೇಕು. ಅರ್ಧಚಂದ್ರ ಪದಕದ ಕೊಕ್ಕೆತಾತಿ, ಹಾವಿನ ಹೆಡೆಯ ಪದಕದ ಪತ್ತಾಕ್, ಚಿನ್ನದ ಗುಂಡಿನ ಸರವಾದ ಜೋಮಾಲೆ ಈ ಮೂರಕ್ಕೆ ಕೊಡಗಿನ ಅಕ್ಕಸಾಲಿಗರೇ ಸರಿ. ಬೇರೆ ಊರಿನ ನಕಲುಗಳಲ್ಲಿ ಅರ್ಧಚಂದ್ರದ ಬಾಗು, ಹೆಡೆಯ ಅಳತೆ ಎರಡೂ ಕೆಡುತ್ತವೆ. ಎಚ್ಚರ ಬೇಕಾದ್ದು ಜೋಮಾಲೆಯಲ್ಲಿ. ಅದರ ಗುಂಡು ಟೊಳ್ಳು, ಒಳಗೆ ಅರಗು. ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ ನೀವು ಅರಗನ್ನೂ ಚಿನ್ನದ ಬೆಲೆಗೆ ಕೊಂಡ ಹಾಗೆ. ಬಿಲ್ಲಿನಲ್ಲಿ ಒಟ್ಟು ತೂಕ, ಅರಗು ಮತ್ತು ದಾರದ ತೂಕ, ಕಲ್ಲಿನ ತೂಕ, ನಿವ್ವಳ ಚಿನ್ನ ಬೇರೆಬೇರೆ ಬರೆಸಿಕೊಳ್ಳಿ. ನಾಳೆ ಬದಲಿಸುವಾಗ ಈ ಚೀಟಿಯೇ ಸಾಕ್ಷಿ. ಗುಂಡಿನ ತಗಡು ತೆಳುವಾಗಿದ್ದರೆ ಬೇಗ ನೆಗ್ಗುತ್ತದೆ, ಅರಗು ತುಂಬಿರುವುದರಿಂದ ಹಾಗೆಯೇ ಬೆಂಕಿಗಿಟ್ಟು ಸರಿಪಡಿಸಲೂ ಆಗದು. ಹಾಲ್‌ಮಾರ್ಕ್ ಆದ ಒಡವೆಗೆ 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಯಾದ, ಆರು ಅಕ್ಷರ, ಅಂಕೆಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯ. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಅಂಗಡಿಯಲ್ಲೇ ಹಾಕಿ ನೋಡಿ.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಶೋಕೇಸಿನಿಂದ ಎತ್ತಿಕೊಳ್ಳಬೇಡಿ, ಹೇಳಿ ಮಾಡಿಸಿ. ಕಪಾಟಿನದ್ದಕ್ಕೆ ಸಾಮಾನ್ಯವಾಗಿ ಬಿಳಿ ಲೋಹದ ಒರೆ, ಹದ ಕೊಡದ ಅಲಗು. ಮಾಡಿಸುವಾಗ ಒರೆಯ ಬೆಳ್ಳಿಯ ತೂಕ, ಸರಪಳಿಯ ತೂಕ ಮೊದಲೇ ಮಾತಾಡಿ. ಒರೆಯಿಂದ ಕತ್ತಿ ಎಳೆದಾಗ ಅಲುಗಾಡದೆ ಬಿಗಿಯಾಗಿ ಬರಬೇಕು; ಸಡಿಲವಿದ್ದರೆ ಸೊಂಟಪಟ್ಟಿಯಾದ ಚೇಲೆಗೆ ಸಿಕ್ಕಿಸಿ ಕುಣಿಯುವಾಗ ಜಾರಿ ಬೀಳುತ್ತದೆ. ‘ಹಳೇ ದಂತದ ಹಿಡಿ’ ಎಂದು ಯಾರಾದರೂ ಪಿಸುಗುಟ್ಟಿದರೆ ದೂರ ಸರಿಯಿರಿ, ದಂತದ ವ್ಯಾಪಾರ ವನ್ಯಜೀವಿ ಕಾಯಿದೆಯಡಿ ಅಪರಾಧ. ವಿಮಾನದಲ್ಲಿ ಹೋಗುವವರು ಕತ್ತಿಯನ್ನು ಚೆಕ್ ಇನ್ ಚೀಲದೊಳಗೇ ಹಾಕಬೇಕು. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯವೂ ಹೊಲಿಸಿದರೇ ಚೆನ್ನ, ಸಿದ್ಧ ಉಡುಪಿನಲ್ಲಿ ಭುಜ ಕೂರುವುದಿಲ್ಲ.

ಶುಕ್ರವಾರವಾದರೆ ಸಂತೆ ಬಿಡಬೇಡಿ. ಬಿದಿರು ಬುಟ್ಟಿ ಕೊಳ್ಳುವವರು ಹೆಣಿಗೆಯ ಸಂದುಗಳಲ್ಲಿ ಹಿಟ್ಟಿನಂಥ ಪುಡಿ ಉದುರುತ್ತದೆಯೇ ಎಂದು ತಟ್ಟಿ ನೋಡಿ. ಉದುರಿದರೆ ಕುಟ್ಟೆ ಹುಳು ಒಳಗಿದೆ. ನೂಲ್‌ಪುಟ್ಟು ಎಂಬ ಅಕ್ಕಿ ಶಾವಿಗೆ ಒತ್ತುವ ಮರದ ಒರಳು ಸಿಕ್ಕರೆ ಬಿಲ್ಲೆಯ ತೂತುಗಳು ಒಂದೇ ಸಮ ಇವೆಯೇ, ಒತ್ತುಗೋಲು ಅಂಚಿಗೆ ಅಂಟಿ ಇಳಿಯುತ್ತದೆಯೇ ನೋಡಬೇಕು, ಸಂದು ಬಿಟ್ಟರೆ ಹಿಟ್ಟು ಮೇಲಕ್ಕೆ ಉಕ್ಕುತ್ತದೆ. ಮಳೆಗಾಲದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ಬರುತ್ತದೆ. ಹೆಚ್ಚಿದ್ದನ್ನು ಕೊಂಡರೆ ನೀರಲ್ಲಿ ನೆನೆದದ್ದು ಎಷ್ಟು ದಿನ ಎಂದು ಕೇಳಿ. ಹಸಿಯದಾದರೆ ಎರಡು, ಮೂರು ದಿನ ದಿನವೂ ನೀರು ಬದಲಿಸಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಬೇಕು, ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ಆಗಸ್ಟ್ 3ರ ಸುಮಾರಿಗೆ ಮದ್ದುಸೊಪ್ಪೆಂದೂ ಕರೆಯುವ ಆಟಿಸೊಪ್ಪು ಕಟ್ಟು ಕಟ್ಟಾಗಿ ಬರುತ್ತದೆ. ಕುದಿಸಿದ ನೀರು ಕಡು ನೇರಳೆಗೆ ತಿರುಗದಿದ್ದರೆ ಸೊಪ್ಪು ಎಳಸು. ಚಳಿಗಾಲದಲ್ಲಿ ಕಿತ್ತಳೆ ಕೇಳುವವರು ಸಿಪ್ಪೆ ಸಡಿಲವಾಗಿ, ಹಸಿರು ಮಿಶ್ರಿತ ಹಳದಿ ಇರುವುದನ್ನೇ ಆರಿಸಲಿ. ಹೊಳೆಯುವ ಕೇಸರಿ ಬಣ್ಣದ್ದು ಬಹುಮಟ್ಟಿಗೆ ನಾಗಪುರದಿಂದ ಲಾರಿಯಲ್ಲಿ ಬಂದದ್ದು.