ಟೆಕ್ಸಸ್‌ನಲ್ಲಿ ಮನೆ ಕೊಳ್ತಿದ್ದೀರಾ? ಗೆದ್ದಲು ನೋಡುವವರ ಲೈಸೆನ್ಸ್ ಮೊದಲು ನೋಡಿ

ಹ್ಯೂಸ್ಟನ್ ಹತ್ತಿರ ನಾವು ಮನೆ ಕೊಂಡು ಒಂದು ವರ್ಷ ಆಯಿತು. ಈ ಏಪ್ರಿಲ್‌ನಲ್ಲಿ ಬಾತ್‌ರೂಮ್ ಕಿಟಕಿಯ ಕೆಳಗೆ ಸಣ್ಣ ಸಣ್ಣ ರೆಕ್ಕೆ ಉದುರಿದ್ದವು. ಊರಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳದ ರೆಕ್ಕೆಯ ಹಾಗೇ. ಗುಡಿಸಿ ಹಾಕಿದೆ. ವಾರ ಕಳೆದು ಗೋಡೆ ಬುಡದ ಮರದ ಪಟ್ಟಿಗೆ ವ್ಯಾಕ್ಯೂಮ್ ತಗುಲಿತು. ಪಟ್ಟಿ ಹಪ್ಪಳದಂತೆ ಪುಡಿಯಾಯಿತು. ಮೇಲೆ ಬಣ್ಣ ಮಾತ್ರ ಉಳಿದಿತ್ತು, ಒಳಗೆಲ್ಲ ಮಣ್ಣು.

"ಕೊಳ್ಳುವಾಗ ಗೆದ್ದಲು ಚೆಕ್ ಮಾಡಿಸಿರಲಿಲ್ವಾ?" ಅಂತ ಎಲ್ಲರೂ ಕೇಳಿದರು. ಮಾಡಿಸಿದ್ದೆವು! ಮನೆ ಇನ್‌ಸ್ಪೆಕ್ಷನ್‌ಗೆ ಬಂದವರೇ ಅದನ್ನೂ ನೋಡುತ್ತೇನೆ ಎಂದು ಬೇರೆ ದುಡ್ಡು ತಗೊಂಡಿದ್ದರು. ರಿಪೋರ್ಟಿನ ಕೊನೆಯಲ್ಲಿ ಒಂದೇ ಸಾಲು: ಗೆದ್ದಲಿನ ಗುರುತು ಕಾಣಲಿಲ್ಲ. ನಾವೂ ನಂಬಿದೆವು. ನಮ್ಮದು ಮಾಮೂಲಿ ಸಾಲ, ಬ್ಯಾಂಕಿನವರೂ ಬೇರೆ ರಿಪೋರ್ಟ್ ಕೇಳಲಿಲ್ಲ.

ಈಗ ಔಷಧಿ ಹಾಕಲು ಬಂದವರು ಮೊದಲು ಅಡುಗೆಮನೆ ಸಿಂಕ್ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಬ್ರೇಕರ್ ಬಾಕ್ಸ್ ತೆಗೆದರು, ವಾಟರ್ ಹೀಟರ್ ಹತ್ತಿರ ಹೋದರು. ಏನು ಹುಡುಕ್ತಿದ್ದೀರಿ ಅಂದೆ. ಟೆಕ್ಸಸ್‌ನಲ್ಲಿ ಗೆದ್ದಲು ತಪಾಸಣೆ ಮಾಡಿದವರು ಇಂಥ ಒಂದು ಜಾಗದಲ್ಲಿ ಚೀಟಿ ಅಂಟಿಸಿ ಹೋಗಬೇಕಂತೆ. ನಮ್ಮ ಮನೆಯಲ್ಲಿ ಎಲ್ಲೂ ಇರಲಿಲ್ಲ.

ವಿಷಯ ಇಷ್ಟು. ಮನೆ ಇನ್‌ಸ್ಪೆಕ್ಟರ್‌ಗೆ ಲೈಸೆನ್ಸ್ ಕೊಡುವುದು ಟೆಕ್ಸಸ್ ರಿಯಲ್ ಎಸ್ಟೇಟ್ ಕಮಿಷನ್. ಮರ ತಿನ್ನುವ ಹುಳುಗಳ ರಿಪೋರ್ಟ್ ಕೊಡಬೇಕಾದರೆ ಟೆಕ್ಸಸ್ ಕೃಷಿ ಇಲಾಖೆಯ ಲೈಸೆನ್ಸ್ ಬೇರೆಯೇ ಬೇಕು. ನಮ್ಮಲ್ಲಿಗೆ ಬಂದವರ ಹತ್ತಿರ ಮೊದಲನೆಯದು ಮಾತ್ರ ಇತ್ತು. ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಿದೆ, ಅವರ ಹೆಸರೇ ಸಿಗಲಿಲ್ಲ. ಆ ರಿಪೋರ್ಟಿಗೆ ರಾಜ್ಯದ್ದೇ ಒಂದು ಫಾರಂ ಇದೆ. ಯಾವ ಜಾಗ ನೋಡಲು ಆಗಲಿಲ್ಲ, ಎಲ್ಲಿ ಮರ ಮಣ್ಣಿಗೆ ತಾಗಿದೆ, ಎಲ್ಲ ಅದರಲ್ಲಿ ಗುರುತು ಹಾಕಬೇಕು. ನಮ್ಮ ಟಬ್ಬಿನ ಹಿಂದೆ ಪೈಪಿಗೋಸ್ಕರ ಕಾಂಕ್ರೀಟ್ ಹಾಕದೆ ಜಾಗ ಬಿಟ್ಟಿದ್ದಾರೆ, ಅಲ್ಲಿ ಬರೀ ಮಣ್ಣು. ಹುಳ ಹತ್ತಿದ್ದು ಅಲ್ಲಿಂದಲೇ. ಸರಿಯಾದವರು ಬಂದಿದ್ದರೆ ಪೈಪಿನ ಜಾಗ ನೋಡಲಾಗಲಿಲ್ಲ ಅಂತಲಾದರೂ ಬರೆದಿರುತ್ತಿದ್ದರು ಅಲ್ವಾ? ಆಗ ನಾವು ತೆಗೆಸಿ ನೋಡುತ್ತಿದ್ದೆವು. ಇನ್ಶೂರೆನ್ಸ್‌ನವರು ಗೆದ್ದಲು ತಿಂದದ್ದಕ್ಕೆ ಏನೂ ಕೊಡುವುದಿಲ್ಲ ಅಂದರು. ಇಡೀ ಖರ್ಚು ನಮ್ಮ ತಲೆ ಮೇಲೆ.

ಆಪ್ಷನ್ ಪೀರಿಯಡ್‌ನಲ್ಲಿ, ಅಂದರೆ ಒಪ್ಪಂದ ಆದಮೇಲೂ ಬೇಡ ಅಂತ ಹಿಂದೆ ಸರಿಯಬಹುದಾದ ಕೆಲವು ದಿನಗಳಲ್ಲಿ, ಇರುವವರು ದಯವಿಟ್ಟು ಇವತ್ತೇ ಕೇಳಿ. ಕೃಷಿ ಇಲಾಖೆಯ ಲೈಸೆನ್ಸ್ ನಂಬರ್ ಕೊಡಿ ಅನ್ನಿ, ನೀವೇ ಹುಡುಕಿ ನೋಡಿ. ಸಂಕೋಚ ಬೇಡ. ಬೇರೆ ರಾಜ್ಯದಲ್ಲಿರುವವರು ಅಲ್ಲಿನ ನಿಯಮ ವಿಚಾರಿಸಿಕೊಳ್ಳಿ. ಇನ್ನೊಂದು, ಕಿಟಕಿ ಬಳಿ ರೆಕ್ಕೆ ಉದುರಿದ್ದರೆ ನನ್ನ ಹಾಗೆ ಸುಮ್ನೆ ಗುಡಿಸಿಬಿಡಬೇಡಿ. ಒಂದು ಕವರಿಗೆ ಹಾಕಿಟ್ಟು, ಲೈಸೆನ್ಸ್ ಇರುವವರನ್ನು ಕರೆದು ತೋರಿಸಿ.