ಕತ್ತಲಾದರೆ ಸಾಯುತ್ತಿದ್ದ ಕ್ಯಾಮೆರಾ: ಪಿಒಇ ಸ್ವಿಚ್ಚಿನ ಜೊತೆ ಮೂರು ವರ್ಷ

ನಮ್ಮ ಮನೆ ಶಿವಮೊಗ್ಗ ಕಡೆಯ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಅಪ್ಪ ಅಮ್ಮ ಅಲ್ಲಿ, ನಾನು ಬೆಂಗಳೂರಲ್ಲಿ. ಸುಗ್ಗಿಯಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ. ಕಾಯಲು ನಾಯಿ ಇತ್ತು, ಅದಕ್ಕೆ ವಯಸ್ಸಾಯಿತು. ಹಾಗಾಗಿ ನಾಲ್ಕು ಐಪಿ ಕ್ಯಾಮೆರಾ, ಅವುಗಳ ವಿಡಿಯೋ ರೆಕಾರ್ಡ್ ಮಾಡಿಡುವ ಒಂದು ಎನ್‌ವಿಆರ್ ಹಾಕಿಸಿದೆವು. ವೈಫೈ ಬೇಡ, ವೈರ್ ಎಳೆದರೆ ನಿಶ್ಚಿಂತೆ ಅಂದವನು ನಾನೇ. ಆ ಮಾತಿಗೆ ಒಂದು ವರ್ಷ ಬೈಸಿಕೊಂಡೆ.

ಹಗಲಿಡೀ ಎಲ್ಲ ಸರಿ ಇರುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಅಂಗಳದ ಕ್ಯಾಮೆರಾ ಮಾಯ. ಎರಡು ನಿಮಿಷಕ್ಕೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಕಳ್ಳ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವ ಕ್ಯಾಮೆರಾ ಕಟ್ಟಿಕೊಂಡು ಏನು ಮಾಡೋದು? ಹಾಕಿಕೊಟ್ಟವರು ಮೂರು ಸಲ ಬಂದರು. ಕ್ಯಾಮೆರಾ ಬದಲಿಸಿದರು, ರೂಟರ್ ಬದಲಿಸಿದರು. ಟೆಸ್ಟರ್ ಸಿಕ್ಕಿಸಿ ಎಂಟೂ ದೀಪ ಹಸಿರಾಗಿ ಉರಿಯುವುದನ್ನು ಅಪ್ಪನಿಗೆ ತೋರಿಸಿ, "ಕೇಬಲ್ ಪಕ್ಕಾ ಇದೆ ಸಾರ್" ಅಂತ ಹೇಳಿ ಹೋದರು. ಬಂದಿದ್ದೆಲ್ಲ ಹಗಲು ಹೊತ್ತಿನಲ್ಲೇ ಅನ್ನೋದು ಬೇರೆ ಮಾತು.

ದೀಪಾವಳಿಗೆ ಊರಿಗೆ ಹೋದಾಗ ಸಂಜೆ ಏಣಿ ಹಾಕಿಕೊಂಡು ಕ್ಯಾಮೆರಾ ಪಕ್ಕದಲ್ಲೇ ಕೂತೆ. ಕೈಯಲ್ಲಿ ಮಲ್ಟಿಮೀಟರ್. ವೈರಿನ ಜಾಯಿಂಟಿಗೆ ಸುತ್ತಿದ್ದ ಟೇಪ್ ಬಿಚ್ಚಿ ನೋಡಿದರೆ 10.4 ವೋಲ್ಟ್. ಬರಬೇಕಾದ್ದು 12. ಹಗಲಲ್ಲಿ ಅಷ್ಟರಲ್ಲೇ ಹೇಗೋ ಬದುಕಿಕೊಂಡಿತ್ತು. ಬೆಳಕು ಕಡಿಮೆಯಾದಾಗ ಕ್ಯಾಮೆರಾದೊಳಗೆ "ಟಕ್" ಅಂತ ಸದ್ದಾಯಿತು. ಹಗಲಿನ ಫಿಲ್ಟರ್ ಸರಿದು ರಾತ್ರಿ ಮೋಡಿಗೆ ಹೋಗುವ ಸದ್ದು ಅದು. ಕತ್ತಲಲ್ಲಿ ಕಾಣಲು ಬೆಳಕು ಕೊಡುವ ಐಆರ್ (ಇನ್ಫ್ರಾರೆಡ್) ಎಲ್ಇಡಿಗಳು ಮಂದ ಕೆಂಪಾಗಿ ಹೊತ್ತಿಕೊಂಡು ಕರೆಂಟ್ ಜಾಸ್ತಿ ಎಳೆದವು. ಮೀಟರಿನ ಮುಳ್ಳು ಎಂಟರ ಹತ್ತಿರಕ್ಕೆ ಕುಸಿಯಿತು. ಕ್ಯಾಮೆರಾ ಆಫ್. ಆಮೇಲೆ ತಾನಾಗೇ ಆನ್. ಮತ್ತೆ ಟಕ್, ಮತ್ತೆ ಆಫ್. ಒಂದು ವರ್ಷ ಹುಡುಕಿದ ಕಾಯಿಲೆ ಹತ್ತು ನಿಮಿಷದಲ್ಲಿ ಸಿಕ್ಕಿತ್ತು.

ಆಗಿದ್ದು ಇಷ್ಟು. ನೆಟ್‌ವರ್ಕ್ ಕೇಬಲ್ಲಿನ ಎಂಟು ತಂತಿಗಳಲ್ಲಿ 100 ಎಂಬಿಪಿಎಸ್ ಡೇಟಾಗೆ ನಾಲ್ಕೇ ಸಾಕು. ಉಳಿದ ನೀಲಿ, ಕಂದು ಜೋಡಿಗಳಲ್ಲಿ 12 ವೋಲ್ಟ್ ಕಳಿಸಿದ್ದರು. ನಮ್ಮ ಕಡೆ ಎಲ್ಲರೂ ಹೀಗೇ ಮಾಡ್ತಾರೆ, ಅಗ್ಗ ನೋಡಿ. ಹತ್ತು ಮೀಟರಿಗೆ ನಡೆಯುತ್ತದೆ. ನಮ್ಮ ಅಂಗಳದ್ದು 35 ಮೀಟರ್. ಮೇಲಾಗಿ ಕೇಬಲ್ ತಾಮ್ರದ್ದೇ ಅಲ್ಲ! ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಇದನ್ನು ಸಿಸಿಎ ಅಂತಾರೆ. ಇದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗೂ ಜಾಸ್ತಿ. ಹಸಿರು ದೀಪದ ಟೆಸ್ಟರಿಗೆ ಇದೆಲ್ಲ ಕಾಣಲ್ಲ. ತಂತಿ ತುಂಡಾಗಿಲ್ಲ ಅಂತಷ್ಟೇ ಅದು ಹೇಳೋದು.

ಆಗ ತಗೊಂಡಿದ್ದು ಈ ಎಂಟು ಪೋರ್ಟಿನ ಪಿಒಇ ಸ್ವಿಚ್ಚು. ಪಿಒಇ ಅಂದರೆ ಪವರ್ ಓವರ್ ಈಥರ್ನೆಟ್, ಡೇಟಾ ಹೋಗುವ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕ್ಯಾಮೆರಾಗೆ ಕರೆಂಟನ್ನೂ ಕಳಿಸುವ ಪದ್ಧತಿ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ತಗಡಿನ ಡಬ್ಬಿ ಬೇರೆ ಬೇರೆ ಸ್ಟಿಕ್ಕರಿನಲ್ಲಿ ಸಿಗುತ್ತದೆ. ಇದು 48 ವೋಲ್ಟಿನ ಸುಮಾರಿಗೆ ಕರೆಂಟ್ ಕಳಿಸುತ್ತದೆ. ವೋಲ್ಟೇಜ್ ನಾಲ್ಕು ಪಟ್ಟಾದರೆ ಅಷ್ಟೇ ವ್ಯಾಟಿಗೆ ಕರೆಂಟ್ ಕಾಲು ಭಾಗ ಸಾಕು, ದಾರಿಯಲ್ಲಿ ಆಗುವ ನಷ್ಟ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಳೇ ಕೇಬಲ್ಲಿಗೇ ಹೊಸ ಕನೆಕ್ಟರ್ ಒತ್ತಿ ಸಿಕ್ಕಿಸಿದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಈಗ ನಿದ್ದೆಯಲ್ಲೂ ಹೇಳ್ತೀನಿ. ಅವತ್ತು ರಾತ್ರಿ ಮೊದಲ ಸಲ ನಾಲ್ಕೂ ಕ್ಯಾಮೆರಾ ಬೆಳಗಿನವರೆಗೆ ನಿಂತವು.

ಮುಂದಿನ ಮಳೆಗಾಲದಲ್ಲಿ ಅಂಗಳದ್ದು ಮತ್ತೆ ತೊದಲಿತು. ಅದರಲ್ಲಿ ಸ್ವಿಚ್ಚಿನ ತಪ್ಪಿಲ್ಲ. ಕನೆಕ್ಟರ್ ಬಿಚ್ಚಿದರೆ ಬಿಳಿ ಪುಡಿ. ಅಲ್ಯೂಮಿನಿಯಂ ನಮ್ಮ ಮಲೆನಾಡಿನ ಥಂಡಿಗೆ ತಡೆಯಲಿಲ್ಲ. ಹೊರಗಿನದಷ್ಟನ್ನೂ ಕಿತ್ತು ಶುದ್ಧ ತಾಮ್ರದ ಔಟ್‌ಡೋರ್ ಕೇಬಲ್ ಎಳೆಸಿದೆ. ದುಡ್ಡು ಡಬಲ್ಲಿಗಿಂತ ಜಾಸ್ತಿ ಆಯಿತು. ಮೊದಲೇ ಹಾಕಿದ್ದರೆ ಅಪ್ಪನ ಹತ್ತಿರ ಅಷ್ಟು ಮಾತು ಕೇಳುವುದು ತಪ್ಪುತ್ತಿತ್ತು.

ಇನ್ನು ಸ್ವಿಚ್ಚಿನ ತಕರಾರುಗಳು. ಡಬ್ಬಿ ಮೇಲೆ 120 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಅಡಾಪ್ಟರ್ ತಿರುಗಿಸಿ ನೋಡಿದರೆ 51 ವೋಲ್ಟ್, 1.25 ಆಂಪ್. ಗುಣಿಸಿ ನೋಡಿ, 64 ವ್ಯಾಟೂ ಆಗಲ್ಲ. ರಾತ್ರಿ ತಲಾ ಏಳು ವ್ಯಾಟ್ ತಿನ್ನುವ ನಮ್ಮ ನಾಲ್ಕು ಕ್ಯಾಮೆರಾಗೆ ಧಾರಾಳ ಸಾಕು. ಆದರೆ ದೊಡ್ಡ ತಿರುಗುವ ಕ್ಯಾಮೆರಾ ಎರಡು ಮೂರು ಸೇರಿಸುವವರು ಡಬ್ಬಿ ಓದಬೇಡಿ, ಅಡಾಪ್ಟರ್ ಓದಿ.

ಎರಡನೆಯದು ಮುಂಭಾಗದ ಪುಟ್ಟ ಗುಂಡಿ. "ಎಕ್ಸ್‌ಟೆಂಡ್" ಅಂತ ಇದೆ. ಸರಿಸಿದರೆ 250 ಮೀಟರ್ ದೂರಕ್ಕೂ ಹೋಗುತ್ತದೆ, ಆದರೆ ಪೋರ್ಟುಗಳ ವೇಗ 10 ಎಂಬಿಪಿಎಸ್‌ಗೆ ಬೀಳುತ್ತದೆ. ಹಬ್ಬಕ್ಕೆ ಧೂಳು ಹೊಡೆಯುವಾಗ ಅಮ್ಮನ ಬಟ್ಟೆ ತಾಗಿ ಅದು ಸರಿದಿತ್ತು. ಅವತ್ತಿನಿಂದ ವಿಡಿಯೋ ಎಲ್ಲ ತುಂಡು ತುಂಡು. ನಾನು ಎನ್‌ವಿಆರನ್ನು ಅಪ್‌ಲಿಂಕ್ (ಎನ್‌ವಿಆರ್, ರೂಟರ್‌ಗೆಂದೇ ಇರುವ ಬೇರೆ ಪೋರ್ಟ್) ಬಿಟ್ಟು ಎಂಟನೇ ಪೋರ್ಟಿಗೆ ಸಿಕ್ಕಿಸಿದ್ದೆ. ಒಂದೊಂದು ಕ್ಯಾಮೆರಾ ನಾಲ್ಕು ಎಂಬಿಪಿಎಸ್, ನಾಲ್ಕು ನಾಲ್ಕಲಿ ಹದಿನಾರು, ದಾರಿ ಹತ್ತರದ್ದು. ಇದು ಹೊಳೆಯಲು ನನಗೆ ಮೂರು ವಾರಾಂತ್ಯ ಬೇಕಾಯಿತು. ಈಗ ಗುಂಡಿ ಮೇಲೆ ಟೇಪ್ ಅಂಟಿಸಿದೆ, ಎನ್‌ವಿಆರ್ ಅಪ್‌ಲಿಂಕಿಗೆ ಹೋಗಿದೆ.

ಕರೆಂಟ್ ಹೋಗಿ ಬಂದಾಗ ಕ್ಯಾಮೆರಾಗಳ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅವನ್ನು ಗುರುತಿಸುವ ನಂಬರ್) ಅದಲು ಬದಲಾಗುತ್ತಿದ್ದುದೂ ಒಂದು ಕಿರಿಕಿರಿ. 101ರಿಂದ 104 ಅಂತ ಖಾಯಂ ವಿಳಾಸ ಕೊಟ್ಟ ಮೇಲೆ ನಿಂತಿತು. ಇನ್ವರ್ಟರನ್ನು ಯುಪಿಎಸ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಸ್ವಿಚ್ಚು ಒಮ್ಮೆ ಸತ್ತು ಹುಟ್ಟುತ್ತದೆ.

ಹೋದ ಏಪ್ರಿಲ್‌ನಲ್ಲಿ ಗುಡುಗು ಮಳೆಗೆ ಗೇಟಿನ ಕ್ಯಾಮೆರಾ ಹೋಯಿತು, ಜೊತೆಗೆ ಮೂರನೇ ಪೋರ್ಟೂ. ಸಿಡಿಲಿಗೆ ವಾರಂಟಿ ಇಲ್ಲ. ಉಳಿದ ಏಳು ಪೋರ್ಟ್ ಏನೂ ಆಗದ ಹಾಗೆ ಓಡುತ್ತಿವೆ, ಅದಕ್ಕೆ ಮೆಚ್ಚಬೇಕು. ಗೇಟಿನ ಹತ್ತಿರ ಪಂಪ್‌ಹೌಸ್ ಇರುವುದರಿಂದ ಕರೆಂಟ್ ಅಲ್ಲೇ ಸಿಗುತ್ತದೆ. ಹಾಗಾಗಿ ಅಲ್ಲಿಗೆ ಫೈಬರ್ ಎಳೆಸಿ, ಎರಡೂ ತುದಿಗೆ ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಕೂರಿಸಿದೆ. ಆ ದಾರಿಯಲ್ಲಿ ಸಿಡಿಲು ಮನೆಯೊಳಗೆ ಬರಲ್ಲ, ಗಾಜಿನ ಎಳೆ ತಾನೆ. ಅಪ್ಪನಿಗೆ ಮಾತ್ರ ಇನ್ನೂ ನಂಬಿಕೆ ಇಲ್ಲ. ದೂರದಲ್ಲಿ ಗುಡುಗಿದರೂ ಪ್ಲಗ್ ಕಿತ್ತುಬಿಡುತ್ತಾರೆ.

ಮತ್ತೆ ತಗೋತೀಯಾ ಅಂದರೆ ಇದನ್ನೇ ತಗೋತೀನಿ. ಫ್ಯಾನ್ ಇಲ್ಲ, ಸದ್ದಿಲ್ಲ, ಬೇಸಿಗೆಯಲ್ಲೂ ಕೈ ಇಡುವಷ್ಟೇ ಬಿಸಿ. ಈಗ ರಾತ್ರಿ ಎರಡು ಗಂಟೆಗೆ ನನ್ನ ಫೋನಿಗೆ ಅಲರ್ಟ್ ಬಂದರೆ ಅದು ಐಆರ್ ಬೆಳಕಿಗೆ ಬರುವ ಹುಳ ಹಿಡಿಯಲು ಲೆನ್ಸಿನ ಮುಂದೆ ಬಲೆ ಕಟ್ಟಿದ ಜೇಡ. ಶನಿವಾರಕ್ಕೊಮ್ಮೆ ಅಮ್ಮ ಹಿಡಿಕಡ್ಡಿಯಿಂದ ಬಲೆ ತೆಗೆಯುತ್ತಾರೆ. ಸೋಮವಾರಕ್ಕೆ ಅದು ಮತ್ತೆ ಹಾಜರ್.